ಬಸ್ಸಿನ ನೆರಳಲ್ಲಿ ಕೇಳಿದ ಅರಮನೆ

ತಿರುವು ಬಂತು, ಕಾಲು ತಾನಾಗಿಯೇ ನೆಲವನ್ನು ಒತ್ತಿತು, ಅಲ್ಲಿ ಬ್ರೇಕೂ ಇಲ್ಲ ಏನೂ ಇಲ್ಲ, ಬರೀ ರಬ್ಬರ್ ಹಾಸು, ಪಕ್ಕದಲ್ಲಿ ಮಗಳು ನಗುತ್ತಾಳೆ, ಅಪ್ಪಾ, ಬ್ರೇಕು ಡ್ರೈವರ್ ಹತ್ರ ಇದೆ, ನೀನು ಸುಮ್ನೆ ಕೂತ್ಕೋ — ಸುಮ್ಮನೆ ಕೂರುವುದನ್ನು ಈ ವಯಸ್ಸಿನಲ್ಲಿ ಕಲಿಯಬೇಕು, ದೇವರೇ, ಅರ್ಧ ಆಯುಷ್ಯ ಇದೇ ರಸ್ತೆಯಲ್ಲಿ ಕಳೆಯಿತು, ಬೆಳಿಗ್ಗೆ ಕಡಲ ದಂಡೆಯ ಲಾಡ್ಜುಗಳ ಮುಂದೆ ಪ್ರವಾಸಿಗರನ್ನು ಹತ್ತಿಸಿಕೊಂಡು, ಸ್ಟಿಯರಿಂಗಿಗೆ ಕೈಮುಗಿದು, ಒಂದು ದಿನ ಕಾಡಿನ ಪಾರ್ಕಿಗೆ, ಒಂದು ದಿನ ಹಳೆಯ ರಾಜಧಾನಿಗೆ, ದೀಪ ಹತ್ತುವ ಹೊತ್ತಿಗೆ ಮತ್ತೆ ಅಲೆಗಳ ಸದ್ದಿಗೆ, ಸೀಟಿನ ಕೆಳಗೆಲ್ಲ ಅವರ ಕಾಲಿನ ಮರಳು, ಗುಡಿಸಿದಷ್ಟೂ ಮರಳು. ಆದರೂ ಆ ರಾಜಧಾನಿಯ ಅರಮನೆಯ ಒಳಗೆ ನಾನು ಒಂದು ದಿನವೂ ಕಾಲಿಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ. ಡ್ರೈವರಿಗೆ ಊರೆಂದರೆ ಬಸ್ಸು ನಿಲ್ಲಿಸುವ ಜಾಗ. ಯಾವ ಮರದ ನೆರಳು ಯಾವಾಗ ಎತ್ತ ಸರಿಯುತ್ತದೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಇಷ್ಟು ಗೊತ್ತು. ಜನ ಒಳಗೆ ಹೋದರೆ ಅವರ ಚೀಲಗಳಿಗೆ ಕಾವಲು, ಆಮೇಲೆ ಒಂದು ನಿದ್ದೆ, ಸಂಜೆ ಹಿಂದಿರುಗುವಾಗ ಕಣ್ಣು ಎಳೆಯಬಾರದು, ಅಷ್ಟು ಜೀವ ಬೆನ್ನ ಹಿಂದೆ. ನೋಡಿದವಳು ನನ್ನ ಹೆಂಡತಿ. ಮುಂದಿನ ಒಂಟಿ ಸೀಟು ಖಾಲಿ ಉಳಿದ ದಿನ ಬರುತ್ತಿದ್ದಳು, ಬಸ್ಸೇ ತನ್ನದೆಂಬ ಗತ್ತಿನಲ್ಲಿ ಕೂರುತ್ತಿದ್ದಳು, ನೀವು ಮಲಗಿ, ನಾನು ನೋಡ್ಕೊಂಡ್ ಬಂದು ಹೇಳ್ತೀನಿ, ಒಂದೇ ಟಿಕೆಟ್ಟಲ್ಲಿ ಇಬ್ಬರೂ ನೋಡಿದ ಹಾಗೆ — ನಾನು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರೆ ಅವಳು ಹೇಳುತ್ತಾಳೆ, ಹೇಳುತ್ತಲೇ ಇದ್ದಾಳೆ, ಪಾರ್ಕಿನಲ್ಲಿ ಜಿಂಕೆ ಬೇಲಿಯ ತನಕ ಬಂತಂತೆ, ಮೆಲುಕು ಹಾಕುವ ಸದ್ದು ಕೇಳುವಷ್ಟು ಹತ್ತಿರ, ನಿಮ್ಮ ಹಾಗೇ ಕಣ್ಣು ಅರ್ಧ ಮುಚ್ಕೊಂಡು ಅಗೀತಿತ್ತು ಕಣ್ರೀ. ಅರಮನೆಯಲ್ಲಿ ಕನ್ನಡಿಯ ಕೋಣೆ, ಎತ್ತ ನೋಡಿದ್ರೂ ನಾನೇ, ಸಾವಿರ ಜನ ನಾನು, ಒಬ್ಬಳ ತಲೆಯೂ ನೆಟ್ಟಗೆ ಬಾಚಿರ್ಲಿಲ್ಲ. ರಾಣಿಯ ಮಂಚ ಗಿಡ್ಡ, ಪಾಪ, ಕಾಲು ಮಡಚಿಯೇ ಮಲಗ್ಬೇಕು, ಅದಕ್ಕಿಂತ ನಮ್ಮದೇ ವಾಸಿ. ಅವಳು ಹೇಳಿದ ಅರಮನೆ ನನ್ನೊಳಗೆ ಹಾಗೇ ಇದೆ, ಒಂದು ಕಿಟಕಿಯೂ ಬದಲಾಗಿಲ್ಲ.

ಅರಮನೆಯ ಮುಂದೆ ಬಸ್ಸು ನಿಂತಿತು, ಮಗಳು ಎರಡು ಟಿಕೆಟು ತಂದಿದ್ದಾಳೆ, ಅಮ್ಮ ಹೋದ್ಮೇಲೆ ನೀನು ಮನೆ ಬಿಟ್ಟು ಕದಲಿಲ್ಲ, ಅಮ್ಮ ನೋಡಿದ್ದನ್ನ ನೀನೂ ಒಂದ್ಸಲ ನೋಡು ಬಾ. ನೀನು ಹೋಗ್ಬಾ ಮಗಳೇ, ನಾನಿಲ್ಲೇ ನೆರಳಲ್ಲಿ ಕೂತಿರ್ತೀನಿ — ಹೇಗೆ ಹೇಳಲಿ ಇವಳಿಗೆ, ಕಣ್ಣಾರೆ ಕಂಡರೆ ಕಿವಿಯಾರೆ ಕೇಳಿದ್ದು ಅಳಿಸಿಹೋಗುತ್ತದೆ, ಮಂಚ ಉದ್ದವಿದ್ದರೆ, ಕನ್ನಡಿಗಳು ನಾಲ್ಕೇ ಇದ್ದರೆ, ಅವಳ ಮಾತಿನ ಮೇಲೆ ಕಲ್ಲು ಗಾರೆ ಬಂದು ಕೂತರೆ. ಅವಳನ್ನು ನೀನು ಕರೆದುಕೊಂಡೆ ಭಗವಂತಾ, ನಿನ್ನ ಇಚ್ಛೆ, ಎದುರು ಮಾತಾಡಲಿಲ್ಲ, ಉಳಿದಿರುವುದು ಇಷ್ಟು, ಇದನ್ನೂ ಕೊಟ್ಟುಬಿಡಲೇ. ಈಗಿನ ಡ್ರೈವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕಿಟಕಿಯಿಂದಲೇ ಕೇಳುತ್ತಾನೆ, ಯಾಕೆ ಯಜಮಾನ್ರೇ, ಒಳಗೆ ಹೋಗಲ್ವಾ, ಹೋಗ್ಬನ್ನಿ, ಬಂದು ನಂಗೂ ಸ್ವಲ್ಪ ಹೇಳಿ, ಇಷ್ಟು ವರ್ಷ ಆಯ್ತು, ಆ ಬಾಗಿಲು ಬಿಟ್ರೆ ಏನೂ ಕಂಡಿಲ್ಲ ನಾನು.

ಎದ್ದೆ. ಯಾರಾದರೂ ಹೇಳಬೇಕಲ್ಲ ಅವನಿಗೆ. ಮಗಳ ಹೆಗಲು ಹಿಡಿದು ಹೆಬ್ಬಾಗಿಲಿನ ಮೆಟ್ಟಿಲು ಹತ್ತಿದೆ, ಮೇಲಿನ ಮೆಟ್ಟಿಲಲ್ಲಿ ಉಸಿರು ಸುಧಾರಿಸಿಕೊಳ್ಳಲು ನಿಂತು ತಿರುಗುತ್ತೇನೆ — ಬಿಸಿಲು, ಬಿಳಿ ಬಸ್ಸುಗಳ ಸಾಲು, ಎಲ್ಲ ಒಂದೇ ಥರ, ನಮ್ಮದು ಯಾವುದು, ಕೈ ಹಣೆಗೆ ಅಡ್ಡ ಹೋಯಿತು; ಇಲ್ಲೇ, ಹೀಗೇ, ಅವಳು ಹೊರಬಂದು ಹಣೆಗೆ ಕೈ ಹಿಡಿದು ಹುಡುಕುತ್ತಿದ್ದುದು, ನಾನು ಕೆಳಗೆ ಬಸ್ಸಿನ ನೆರಳಲ್ಲಿ ನಿಂತು ಟವಲು ಬೀಸುವ ತನಕ ಮೆಟ್ಟಿಲು ಇಳಿಯುತ್ತಿರಲಿಲ್ಲ; ಜಿಂಕೆಯನ್ನು ಹೇಳಿದಳು, ಕನ್ನಡಿಯನ್ನು ಹೇಳಿದಳು, ರಾಣಿಯ ಮಂಚವನ್ನು ಹೇಳಿದಳು, ಇದೊಂದನ್ನು ಹೇಳಲಿಲ್ಲ, ಇಲ್ಲಿಂದ ನಾನು ಹೇಗೆ ಕಾಣುತ್ತಿದ್ದೆನೆಂದು — ಅಪ್ಪಾ, ಯಾಕೆ ನಿಂತೆ — ಬಿಳಿ ಬಸ್ಸುಗಳು, ಎರಡರ ನಡುವೆ ಒಬ್ಬ ಆಳು ನಿಲ್ಲುವಷ್ಟು ನೆರಳು, ಟವಲು ಏಳುತ್ತಿಲ್ಲ, ಬಿಳಿ ಬಸ್ಸುಗಳು, ನಡುವೆ ನೆರಳು, ಒಬ್ಬ ಆಳು ನಿಲ್ಲುವಷ್ಟು