ಹರಿಯಬ್ಬೆ ಹಳ್ಳದ ಪಟ್ಟೆಮೀನು

ಬೆರಳುದ್ದದ ಆ ಪಟ್ಟೆಮೀನು ತುಂಗಭದ್ರೆ ಬಿಟ್ಟು ಬೇರೆಲ್ಲೂ ಇಲ್ಲವೆಂದು, ಮೀನುಗಳ ಪಂಡಿತನೆನಿಸಿದ್ದ ಇಂಗ್ಲಿಷ್ ದೊರೆ ತನ್ನ ಪುಸ್ತಕದಲ್ಲಿ ಬರೆದಿದ್ದ. ಹರಿಯಬ್ಬೆಯ ಹಳ್ಳದಲ್ಲೂ ಕಂಡೆನೆಂದು ಅವನ ಗುಮಾಸ್ತ ನಂಜುಂಡಯ್ಯ ಹೇಳಿದಾಗ, ದೊರೆ ಸುಳ್ಳನೆಂದು ಜರೆದು, ಪರೀಕ್ಷಿಸಲು ತಾನೇ ಅವನನ್ನು ಕರೆದುಕೊಂಡು ಹಿರಿಯೂರಿನಿಂದ ಗಾಡಿ ಕಟ್ಟಿಸಿ ಬಂದ.

ಹಳ್ಳದ ಮಡುವಿನಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಬೊಮ್ಮಕ್ಕ ನಂಜುಂಡಯ್ಯನ ಕೈಯಲ್ಲಿ ಬಲೆ ಕಂಡವಳೇ ಅಡ್ಡ ನಿಂತು, ಅವನತ್ತ ಬೆರಳು ತೋರಿದಳು.

"ಹೋದ ಸಲ ಈ ಅಯ್ಯ ಬಲೆ ಎಳೆದು ನೀರೆಲ್ಲ ಬಗ್ಗಡ ಮಾಡಿದ್ರು. ಮೂರು ದಿನ ನನ್ನ ಕುರಿ ಬಾಯಿ ಹಚ್ಲಿಲ್ಲ."

ದೊರೆ ಬೆತ್ತ ಎತ್ತಿದ. ನಂಜುಂಡಯ್ಯ ನಡುವೆ ನುಗ್ಗಿ, ಒಂದೇ ಒಂದು ಮೀನು ಸಾಕೆಂದು ಆಕೆಗೆ ಕೈ ಮುಗಿದ. ಬೊಮ್ಮಕ್ಕ ಕಲ್ಲಿನ ಸಂದಿಗೆ ತಂಬಿಗೆ ಅದ್ದಿ ತಂದು, ದೊರೆಯ ಬೂಟಿನ ಮೇಲೆಯೇ ಸುರಿದಳು.

"ನೋಡ್ಕಳ್ರಿ!"

ಮೂರು ಮೀನು ನೆಲದಲ್ಲಿ ಒದ್ದಾಡಿದವು. ದೊರೆ ಭೂತಗನ್ನಡಿ ಹಿಡಿದು ಪಟ್ಟೆ ಎಣಿಸಿದ, ಮತ್ತೆ ಎಣಿಸಿದ. ಅದೇ ಮೀನು. ಅವನ ಮುಖ ಕೆಂಪೇರಿತು. ಮೀನುಗಳನ್ನು ಕೆಡದಂತೆ ಸ್ಪಿರಿಟ್ಟಿನ ಸೀಸೆಗೆ ಹಾಕಿಸಿ, "ಸೀಸೆಯ ಚೀಟಿಯಲ್ಲಿ ಹಿಡಿದವರು ಎಂಬಲ್ಲಿ ನನ್ನ ಹೆಸರು ಬರಿ" ಎಂದ.

ನಂಜುಂಡಯ್ಯ ಚೀಟಿಯಲ್ಲಿ 'ಬೊಮ್ಮಕ್ಕ, ಹರಿಯಬ್ಬೆ' ಎಂದು ಬರೆದು, ಗಟ್ಟಿಯಾಗಿ ಓದಿ, ಅಂಟಿಸಿದ. ದೊರೆ ಸೀಸೆಗೆ ಕೈ ಚಾಚಿದರೆ ಅದನ್ನು ಎದೆಗವಚಿಕೊಂಡ. ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಗುಡುಗಿ, ದೊರೆ ಅವನನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದ.

ಬೊಮ್ಮಕ್ಕನಾದರೂ ಮೆಚ್ಚಿಯಾಳೆಂದು ನಂಜುಂಡಯ್ಯ ತಿರುಗಿದ.

"ನನ್ನ ಹೆಸರ್ಯಾಕೆ ಬರೆದ್ರಿ?" ಅವಳು ಸಿಡುಕಿದಳು. "ಇನ್ನು ಬಲೆ ಹಿಡ್ದವರೆಲ್ಲ ನನ್ನ ಹುಡುಕ್ಕಂಡು ಬರ್ತಾರೆ. ಹೋಗ್ರಿ, ಮತ್ತೆ ಈ ಕಡೆ ಬರಬ್ಯಾಡ್ರಿ."

ಕುಡಿಯಲು ನೀರು ಕೇಳಬೇಕೆಂದಿದ್ದವನು ಕೇಳದೆಯೇ ಹಿರಿಯೂರಿನ ದಾರಿ ಹಿಡಿದ.