ಪಾಳಿ ಬರೋಬರ ಐತಿ

ಮುಂದೆ ಎಂದಾದರೂ ಯಾರಾದರೂ ಬೇಡಕಿಹಾಳದ ಚರಿತ್ರೆ ಬರೆಯುವುದಾದರೆ ಒಂದು ಸಂಗತಿಯನ್ನು ಬಿಡುವಂತಿಲ್ಲ. ಆ ವರ್ಷ ಯುಗಾದಿ ಮುಗಿದ ವಾರ ರಾವಸಾಹೇಬನ ಹೆಂಡತಿ ಸುಂದರಾ ಪಡಸಾಲೆಯ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟಳು. ಎತ್ತಿಕೊಂಡು ಎಂದರೆ ಸುಳ್ಳಾದೀತು. ಎಳೆದುಕೊಂಡು ಹೋದಳು, ನಡುವೆ ಹೊಸ್ತಿಲ ಹತ್ತಿರ ಅದೇ ಕುರ್ಚಿಯ ಮೇಲೆ ಕುಳಿತು ಸುಧಾರಿಸಿಕೊಂಡಳು. ಆಮೇಲೆ ಅದನ್ನು ಗ್ಯಾಸಿನ ಕಟ್ಟೆಗೆ ತಾಗಿಸಿ, ಬರಿಹೊಟ್ಟೆಯ ಚಹಾದ ಜೊತೆ ಮೊಣಕಾಲಿನ ಗುಳಿಗೆ ನುಂಗಿ, ಕುಳಿತುಕೊಂಡೇ ರೊಟ್ಟಿ ಬಡಿದಳು.

ಅತ್ತೆ ಕಾಳವ್ವ ಬಾಗಿಲಲ್ಲಿ ನಿಂತು ಈ ದೃಶ್ಯವನ್ನು ಸಾಕಷ್ಟು ಹೊತ್ತು ನೋಡಿದಳು.

"ಕುರ್ಚಿ ಮ್ಯಾಲೆ ಕುಂತು ರೊಟ್ಟಿ ಬಡ್ಯಾಕ ನೀ ಏನ ಬೇ, ತಹಶೀಲ್ದಾರ?"

"ತಹಶೀಲ್ದಾರ ರೊಟ್ಟಿ ಬಡಿಯೂದಿಲ್ರಿ ಅತ್ತಿ. ಅದಕ್ಕ ಅವರ ಮೈಯಾಗ ರಕ್ತ ಬರೋಬರ ಇರತೈತಿ."

ಸುಂದರಾಳ ಮೈಯಲ್ಲಿ ಅದು ಬರೋಬರ ಇಲ್ಲದೆ ನಾಲ್ಕು ವರ್ಷವಾಗಿತ್ತು. ದಣಿವು ಅವಳಿಗೆ ಹೊಸದಲ್ಲ. ಕಬ್ಬೂರಿನ ತವರಿನಲ್ಲಿ ಹುಟ್ಟಿ ಬೇಡಕಿಹಾಳದ ಕಬ್ಬಿನ ಮನೆಗೆ ಬಂದವಳು. ಕಳೆ ತೆಗೆದ ದಣಿವು ಮಲಗಿದರೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತು. ಇದು ಆ ಜಾತಿಯದಲ್ಲ. ಮಲಗಿದರೆ ಪಕ್ಕದಲ್ಲೇ ಮಲಗುತ್ತಿತ್ತು, ಏಳುವ ಹೊತ್ತಿಗೆ ತಾನೇ ಮೊದಲು ಎದ್ದು ಕುಳಿತಿರುತ್ತಿತ್ತು. ಮನೆ ಎಂದರೆ ಅವಳಿಗೀಗ ಕೋಣೆಗಳಲ್ಲ, ಕೂಡುವ ಜಾಗಗಳು. ನಲ್ಲಿಯ ಪಕ್ಕದ ಕಲ್ಲು, ಸೋಯಾಬೀನ್ ಚೀಲ, ದನದ ಕೊಟ್ಟಿಗೆಯ ಗೋದಲಿಯ ಅಂಚು. ಇವುಗಳ ನಡುವಿನ ದೂರವನ್ನೇ ಅವಳು ಸಂಸಾರ ಎನ್ನುತ್ತಿದ್ದಳು. ಮಾಳಿಗೆ ಹತ್ತುವುದನ್ನು ಬಿಟ್ಟಿದ್ದಳು. ಡಬ್ಬಿಯಿಂದ ಹಸಿ ಅಕ್ಕಿ ತೆಗೆದು ಬಾಯಾಡಿಸುವ ಚಟವೊಂದು ಬೇರೆ ಹತ್ತಿತ್ತು.

"ಹಸಿ ಅಕ್ಕಿ ತಿಂದ್ರ ಮದುವ್ಯಾಗ ಮಳಿ ಬರತೈತಿ," ಎಂದು ಕಾಳವ್ವ ಎಚ್ಚರಿಸಿದಳು.

"ಮದುವಿಯಾಗಿ ಇಪ್ಪತ್ತೆಂಟ ವರ್ಷ ಆತ್ರಿ. ಬರಲಿ ಬಿಡ್ರಿ, ಕಬ್ಬಿಗಾದ್ರೂ ಆಗತೈತಿ."

ಕಾರಣ ಮಾತ್ರ ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ಕಾಳವ್ವನ ಪ್ರಕಾರ ಚಹಾ ಕುಡಿದು ಕುಡಿದು ರಕ್ತ ನೀರಾಗಿತ್ತು. ಅಥಣಿಯಲ್ಲಿದ್ದ ಸುಂದರಾಳ ತಂಗಿ ಮನೀಷಾಳ ಪ್ರಕಾರ ಸಾಲದ್ದು ಒಣದ್ರಾಕ್ಷಿ. ಅವಳು ತಮ್ಮ ತೋಟದ್ದೇ ಒಂದು ಚೀಲ ಕಳಿಸಿದಳು, ಬಂದವರೆಲ್ಲ ಮುಷ್ಟಿ ಮುಷ್ಟಿ ತಿಂದು ಗಟ್ಟಿಮುಟ್ಟಾದರು. ಅಕ್ಕೋಳದ ನಾಟಿ ವೈದ್ಯ ಕೊಟ್ಟ ಬೇರು ಕಹಿಯಾಗಿತ್ತು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಸುಂದರಾ ತಪ್ಪದೆ ನುಂಗಿದಳು. ಸ್ವಲ್ಪ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ರಾವಸಾಹೇಬ ಕೆಟ್ಟ ಗಂಡನಲ್ಲ. ಚಿಕ್ಕೋಡಿಗೆ ಹೋದರೆ ದಾಳಿಂಬೆ ತರುತ್ತಿದ್ದ, ಜಕ್ಕಪ್ಪನ ಔಷಧಿ ಅಂಗಡಿಯಿಂದ ಮೊಣಕಾಲಿನ ಗುಳಿಗೆ ಮುಗಿಯುವ ಮೊದಲೇ ತಂದಿಡುತ್ತಿದ್ದ. ಆದರೆ ಬೇಸಿಗೆಯಲ್ಲಿ ಅವನ ತಲೆಯೊಳಗೆ ಒಂದಕ್ಕೆ ಮಾತ್ರ ಜಾಗವಿತ್ತು: ಪಾಳಿ. ದೂಧಗಂಗೆಯಿಂದ ಪೈಪಿನಲ್ಲಿ ನೀರೆತ್ತುವ ಸಂಘದಲ್ಲಿ ಒಬ್ಬೊಬ್ಬ ರೈತನಿಗೆ ಒಂದೊಂದು ಸರದಿ. ಆ ಸರದಿಯೇ ಪಾಳಿ. ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆ. ಅವನು ಪಾಳಿಯ ಮೇಲೆ ಮಲಗುತ್ತಿದ್ದ, ಪಾಳಿಯ ಮೇಲೆ ಏಳುತ್ತಿದ್ದ, ದೇವರ ಮುಂದೆ ಕೈಮುಗಿದಾಗಲೂ ಬಹುಶಃ ಪಾಳಿಯನ್ನೇ ಕೇಳುತ್ತಿದ್ದ.

ಕುರ್ಚಿಯ ಸುದ್ದಿ ಓಣಿಯಲ್ಲಿ ಹಬ್ಬಿದ ಮೇಲೆ ಅವನು ಹೆಂಡತಿಯನ್ನು ಮೋಟಾರ್ ಸೈಕಲ್ ಮೇಲೆ ನಿಪ್ಪಾಣಿಯ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಪ್ರಾಜಕ್ತಾ ಕೊಲ್ಹಾಪುರದ ಕಡೆಯ ಹೆಣ್ಣುಮಗಳು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದಳು. ಕನ್ನಡದಲ್ಲಿ ಸುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಿದ್ದಳು. ಈ ಗಡಿಯಲ್ಲಿ ಅದೊಂದು ದೋಷವೇ ಅಲ್ಲ, ಎಲ್ಲರೂ ಮಾಡುವುದು ಅದನ್ನೇ.

ಸುಂದರಾಳನ್ನು ಪರದೆಯ ಹಿಂದೆ ಮಲಗಿಸಿ ಸಿಸ್ಟರ್ ರಕ್ತ ತೆಗೆದುಕೊಂಡು ಹೋದಳು. ಹಗಲು ಹೊತ್ತು, ಮೇಲೆ ಫ್ಯಾನು, ಕೆಳಗೆ ಹಾಸಿಗೆ. 'ಸುಂದರಾ' ಎಂದು ಕರೆಯುವವರು ಒಬ್ಬರೂ ಇಲ್ಲ. ಇಂಥದ್ದು ಅವಳಿಗೆ ಬಾಣಂತನದ ನಂತರ ಸಿಕ್ಕಿರಲಿಲ್ಲ. ಪರದೆಯ ಆಚೆ ಡಾಕ್ಟರು ಗಂಡನನ್ನು ಏನೋ ಕೇಳುತ್ತಿದ್ದಳು, ಗಂಡ ಎಂದಿಲ್ಲದ ಹುರುಪಿನಿಂದ ಹೇಳುತ್ತಿದ್ದ. ಆ ದನಿಗಳ ಮೇಲೆಯೇ ಅವಳು ನಿದ್ದೆಹೋದಳು.

ಎಬ್ಬಿಸಿ ಸ್ಕ್ಯಾನ್ ಮಾಡಿಸಿದರು. ಎಲ್ಲ ಮುಗಿಯುವ ಹೊತ್ತಿಗೆ ನಿರ್ಣಯವೂ ಮುಗಿದಿತ್ತು.

"ಮಾವಶಿ, ರಕ್ತ ಆರೂವರಿ ಐತಿ. ಭಾಳ ಹೋಗಾಕತ್ತೈತಿ. ಗರ್ಭಚೀಲದಾಗ ಸಣ್ಣ ಗಂಟ ಐತಿ. ಈ ಗುಳಿಗಿ ತಗೋರಿ, ನಿಲ್ಲಲಿಲ್ಲಂದ್ರ ಚೀಲ ತಗದ ಬಿಡೋಣ." ಆಮೇಲೆ ನಕ್ಕು, "ನಿಮ್ಮ ಮಾಲಕರು ಭಾಳ ಕಾಳಜಿ ಮಾಡ್ತಾರ ಹಾಂ. ಇಷ್ಟ ಖಬರ ಇಟಗೊಂಡ ಗಂಡಸರನ್ನ ನಾ ನೋಡಿಲ್ಲ," ಎಂದಳು.

ಯಾವ ಖಬರ ಎಂದು ಸುಂದರಾ ಕೇಳಬಹುದಿತ್ತು. ರಕ್ತ ಎಲ್ಲಿಂದ ಹೋಗುತ್ತಿದೆ ಎಂದೂ ಕೇಳಬಹುದಿತ್ತು. ಕೇಳಲು ಬಾಯಿ ತೆರೆಯಬೇಕು, ಉತ್ತರ ಬಂದರೆ ಕೇಳಿಸಿಕೊಳ್ಳಬೇಕು, ಅದು ದೊಡ್ಡ ಕೆಲಸ. ಗಂಟು ಒಳಗೇ ಕೂತು ಕುಡಿಯುತ್ತಿರಬೇಕು ಎಂದುಕೊಂಡು ಅವಳು ಮೋಟಾರ್ ಸೈಕಲ್ ಹತ್ತಿದಳು.

ಆಪರೇಶನ್ ಸುದ್ದಿ ಕೇಳಿ ಪಕ್ಕದ ಮನೆಯ ತಾರವ್ವ ಓಡೋಡಿ ಬಂದಳು. ಅವಳು ಈ ವಿಷಯದಲ್ಲಿ ಅನುಭವಸ್ಥೆ.

"ಏನೂ ಅಂಜಬ್ಯಾಡ. ನಾ ತಗಸಿದ್ಮ್ಯಾಲೆ ಒಂದ ತಿಂಗಳಾ ನೆಲಕ್ಕ ಕಾಲ ಊರಿಲ್ಲ. ಹಾಸಿಗಿ ಮ್ಯಾಲೆ ಚಹಾ. ನಮ್ಮತ್ತಿ, ಯಾವ ಅತ್ತಿ ಅಂತಿ, ಅಕೀನ ರೊಟ್ಟಿ ಮಾಡಿ ಹಾಕಿದ್ಳು."

"ತಿಂಗಳಾ?"

"ತುಂಬ ತಿಂಗಳಾ. ಭಾರ ಎತ್ತಂಗಿಲ್ಲ, ಬಗ್ಗಂಗಿಲ್ಲ. ಡಾಕ್ಟರ್ ಹೇಳಿದ್ಮ್ಯಾಲೆ ಯಾರ ಏನ ಮಾಡ್ತಾರ?"

ಅಂದಿನಿಂದ ಸುಂದರಾಳ ಮನಸ್ಸಿನಲ್ಲಿ ಆ ಹಾಸಿಗೆ ಹಾಸಿಯೇ ಇತ್ತು. ಹೊಟ್ಟೆ ಕೊಯ್ಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಈ ರಕ್ತದಲ್ಲಿ ಕೊಯ್ದರೆ ಏಳದೆಯೂ ಇರಬಹುದು ಎಂದು ಕಾಳವ್ವ ಸಣ್ಣ ದನಿಯಲ್ಲಿ ಯಾರಿಗೋ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಆದರೆ ನಲ್ಲಿಯ ಕಲ್ಲಿನಿಂದ ಸೋಯಾಬೀನ್ ಚೀಲದವರೆಗೆ ನಡೆಯುವಾಗ ಅವಳಿಗೆ ಕಾಣುತ್ತಿದ್ದದ್ದು ಕತ್ತಿಯಲ್ಲ, ಹಾಸಿಗೆ. ಅದರ ಮೇಲೆ ತಾನು, ಪಕ್ಕದಲ್ಲಿ ಬಸಿಯಿಂದ ಮುಚ್ಚಿದ ಚಹಾದ ಕಪ್ಪು.

ಡಾಕ್ಟರು ಹೇಳಿದ ವಾರಕ್ಕೆ ಮತ್ತೆ ನಿಪ್ಪಾಣಿಗೆ ಹೋದರು. ರಕ್ತ ಏರಿರಲಿಲ್ಲ. ಈ ಸಲ ಸುಂದರಾಳೂ ಮೇಜಿನ ಮುಂದೆಯೇ ಕುಳಿತಿದ್ದಳು. ಡಾಕ್ಟರ್ ಪ್ರಾಜಕ್ತಾ ಗೋಡೆಯ ಕ್ಯಾಲೆಂಡರ್ ನೋಡುತ್ತ, ಪ್ರಶ್ನೆಯನ್ನು ರೂಢಿಯಂತೆ ರಾವಸಾಹೇಬನಿಗೇ ಹಾಕಿದಳು.

"ಮೊದಲ ರಕ್ತ ಏರಸೋಣ. ಪಾಳಿ ಮುಗದ ನಾಕ ದಿವಸ ಬಿಟ್ಟ ಆಪರೇಶನ್ ಇಟಗೊಳ್ಳೋಣ. ಈಗ ಪಾಳಿ ಹೆಂಗ ಐತಿ?"

"ಪಾಳಿ ಬರೋಬರ ಐತ್ರಿ. ಮೊದಲಿನಂಗ ಎಂಟ್ಹತ್ತ ದಿವಸಕ್ಕೊಮ್ಮಿ. ಬಂತಂದ್ರ ದಬಾದಬಾ ಬರತೈತಿ."

"ಮುಂದಿಂದು ಯಾವಾಗ?"

"ಶುಕ್ರವಾರ ರಾತ್ರಿ ಹನ್ನೊಂದಕ್ಕ."

ಡಾಕ್ಟರ ಪೆನ್ನು ನಿಂತಿತು. "ಹನ್ನೊಂದಕ್ಕ? ತಾಸ ಸಹಿತ ಅಷ್ಟ ನಕ್ಕಿ ಹೆಂಗ ಹೇಳ್ತೀರಿ?"

"ಭರಮೂಂದು ಹನ್ನೊಂದಕ್ಕ ಮುಗೀತೈತ್ರಿ. ಅವಂದ ಮುಗದ ಕೂಡ್ಲೇ ನಮ್ದು."

"ಭರಮು ಯಾರು?"

"ನಮ್ಮ ಬಾಜೂದಾಂವ. ಚಲೋ ಮನಷ್ಯಾ. ಅಡಚಣಿ ಇದ್ರ ನಾವು ಅವರೂ ಪಾಳಿ ಬದಲಾಬದಲಿ ಮಾಡಕೋತೀವ್ರಿ. ಅದಕ್ಕ ಶುಕ್ರವಾರ ಬ್ಯಾಡ್ರಿ, ರಾತ್ರೆಲ್ಲ ನಾ ಹೊಲದಾಗ ನಿಂದ್ರಬೇಕು. ಹ್ವಾದ ಸಲ ಪೈಪ ಒಡದು ಎಲ್ಲಾ ಭರಮೂನ ಕಡೆ ಹರದ ಹೋಗಿತ್ತು."

ಮರಾಠಿಯಲ್ಲಿ ಸರದಿಗೂ ಪಾಳಿ ಎನ್ನುತ್ತಾರೆ, ಹೆಂಗಸರ ತಿಂಗಳ ಮುಟ್ಟಿಗೂ ಪಾಳಿ ಎನ್ನುತ್ತಾರೆ. ಇದು ಬೇಡಕಿಹಾಳದ ಹೆಂಗಸರಿಗೆಲ್ಲ ಗೊತ್ತು. ಗಂಡಸರಿಗೂ ಗೊತ್ತಿರಬೇಕು, ಬೇಸಿಗೆಯೊಂದನ್ನು ಬಿಟ್ಟು. ಸುಂದರಾಳಿಗೆ ಪರದೆಯಾಚೆಯ ಆ ಹುರುಪಿನ ದನಿ ಈಗ ನೆನಪಾಯಿತು, ಗಂಡನಿಗೆ ಡಾಕ್ಟರು ಕೊಟ್ಟ ಶಾಬಾಸಗಿರಿಯೂ ನೆನಪಾಯಿತು. ತಾನು ಮಲಗಿದ್ದಾಗ ತನ್ನ ಗಂಡ ಎಕರೆಗಟ್ಟಲೆ ಕಬ್ಬಿನ ನೀರನ್ನು ಹೆಂಡತಿಯ ಹೆಸರಿಗೆ ಬರೆಸಿ ಬಂದಿದ್ದ.

ಮಾತಾಡಿದರೆ ಆಪರೇಶನ್ ಇಲ್ಲ. ಆಪರೇಶನ್ ಇಲ್ಲವಾದರೆ ಹಾಸಿಗೆ ಇಲ್ಲ. ಬಸಿ ಮುಚ್ಚಿದ ಚಹಾ ಕಣ್ಣ ಮುಂದೆ ಒಂದು ಗಳಿಗೆ ಹಬೆಯಾಡಿತು. ಸುಮ್ಮನಿದ್ದರೂ ಇದ್ದುಬಿಡುತ್ತಿದ್ದಳೇನೋ, ಭರಮೂನ ಹೆಸರು ನಡುವೆ ಬರದಿದ್ದರೆ.

"ಡಾಕ್ಟರಬಾಯಿ, ಅವರು ಕಬ್ಬಿನ ಪಾಳಿ ಹೇಳಾಕತ್ತಾರ್ರಿ," ಎಂದಳು. "ನಂದು ನಿಂತ ಮೂರ ವರ್ಷ ಆತು."

ರಾವಸಾಹೇಬ ಡಾಕ್ಟರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ. ಅವನ ಕಿವಿ ಕೆಂಪಗಾದದ್ದು ಕಂಡು ಸುಂದರಾಳಿಗೆ ನಗು ಬಂತು. ನಕ್ಕು ಉಸಿರು ಸಾಲದೆ ಮೇಜು ಹಿಡಿದುಕೊಂಡಳು. ನಗುವುದಕ್ಕೂ ರಕ್ತ ಬೇಕು.

"ಮಾಲಕರ, ನೀವ ಜರಾ ಹೊರಗ ಕೂಡ್ರಿ," ಎಂದಳು ಡಾಕ್ಟರು, ಗ್ಲಾಸಿನ ನೀರನ್ನೆಲ್ಲ ಕುಡಿದು. ಅವಳ ಕಿವಿಯೂ ಅಷ್ಟೊಂದು ಬಿಳಿಯಾಗಿರಲಿಲ್ಲ. "ತಪ್ಪ ನಂದು ಮಾವಶಿ. ನಿಮ್ಮನ್ನ ಕೇಳಬೇಕಿತ್ತು. ಈಗ ಕೇಳ್ತೀನಿ. ನಾ ಕೊಟ್ಟದ್ದ ಬಿಟ್ಟ ಬ್ಯಾರೆ ಏನ ಔಷಧ ತಗೋತೀರಿ?"

"ಏನಿಲ್ರಿ."

ಹೀಗೆಂದು ಸುಂದರಾ ಎದ್ದು ನಿಂತಳು. ಮೊಣಕಾಲು ಚಳಕ್ಕೆಂದಿತು. ಕೈ ತಾನಾಗಿ ಸೊಂಟದ ಸಂಚಿಗೆ ಹೋಗಿ, ಎಲೆ ಅಡಿಕೆಯ ನಡುವಿನಿಂದ ಗುಳಿಗೆಯ ಹಾಳೆ ತೆಗೆದು, ಒಂದನ್ನು ಚಟ್ಟನೆ ಒಡೆಯಿತು.

"ಅದೇನು?"

"ಇದು ಔಷಧ ಅಲ್ರಿ. ಮಣಕಾಲಿಂದು."

ಡಾಕ್ಟರು ಹಾಳೆ ಇಸಿದುಕೊಂಡು ಹಿಂದೆಮುಂದೆ ನೋಡಿದಳು. "ಎಷ್ಟ ವರ್ಷ ಆತು?"

"ನಾಕ ಆತೇನ್ರಿ. ಮುಂಜಾನೆ ಒಂದು, ಸಂಜೀಕ ಒಂದು. ಕಳೆ ತಗಿಯೂ ಹೊತ್ತಿನ್ಯಾಗ ನಡುವ ಇನ್ನೊಂದು."

"ಖಾಲಿ ಹೊಟ್ಟೀಲೆ?"

"ಚಹಾ ಇರತೈತ್ರಿ."

"ಸಂಡಾಸ ಕಪ್ಪ ಆಗತೈತೇನು? ಡಾಂಬರದಂಗ?"

"ರಕ್ತದ ಗುಳಿಗಿ ತಗೊಂಡ್ರ ಹಂಗ ಆಗತೈತಿ ಅಂದಿದ್ರಲ್ರಿ."

"ಅದ ಖರೇ. ಆ ಗುಳಿಗಿ ಸುರು ಮಾಡೂಕಿಂತ ಮೊದಲ?"

ಸುಂದರಾ ನಿಂತಲ್ಲೇ ಯೋಚಿಸಿದಳು. ಯೋಚಿಸಿದಷ್ಟೂ ಕುರ್ಚಿ ಬೇಕೆನಿಸಿ ಮತ್ತೆ ಕುಳಿತಳು.

"ಆವಾಗೂ ಹಂಗ ಇತ್ರಿ," ಎಂದಳು. "ಯಾರೂ ಕೇಳಲಿಲ್ಲ."

ರಕ್ತ ಏರಿಸಿ ಕೊಲ್ಹಾಪುರಕ್ಕೆ ಕಳಿಸಿದರು. ಅಲ್ಲಿ ಬಾಯೊಳಗೆ ನಳಿಗೆ ಬಿಟ್ಟು ಹೊಟ್ಟೆಯನ್ನು ಟಿವಿಯಲ್ಲಿ ನೋಡಿದರು. ಜಠರದ ಗೋಡೆಯಲ್ಲಿ ಹುಣ್ಣು. ನೋವಿನ ಗುಳಿಗೆ ಕೊರೆದ ಹುಣ್ಣು. ಅಲ್ಲಿಂದ ನಾಲ್ಕು ವರ್ಷ ರಕ್ತ ಹನಿಹನಿಯಾಗಿ, ಯಾವ ಪಾಳಿಯನ್ನೂ ಕಾಯದೆ ಹೋಗಿತ್ತು. ಚೀಲದ ಗಂಟು ಪಾಪದ್ದು, ಅದರ ಪಾಡಿಗೆ ಅದಿರಲಿ ಎಂದರು.

ಬರುವಾಗ ಬಸ್ಸು ಕಾಗಲ್ ದಾಟಿದ ಮೇಲೆ ರಾವಸಾಹೇಬ ಬಾಯಿಬಿಟ್ಟ.

"ಆ ಗುಳಿಗಿ ನಾನ ತಂದು ಕೊಡತಿದ್ದೆ," ಎಂದ.

"ಹೂಂ."

"ನನಗೇನ ಗೊತ್ತು?"

"ನನಗೂ ಎಲ್ಲಿ ಗೊತ್ತಿತ್ರಿ."

ಅವನು ಕಿಟಕಿಯ ಕಡೆ ತಿರುಗಿದ. ಆಮೇಲೆ ದನಿ ಇಳಿಸಿ, "ಭರಮೂನ ಮುಂದ ಹೇಳಬ್ಯಾಡ," ಎಂದ.

"ಏನು? ಗುಳಿಗಿ ಸುದ್ದಿನೋ, ಪಾಳಿ ಸುದ್ದಿನೋ?"

"ಪಾಳೀದು."

ಅವಳು ಹೇಳಲಿಲ್ಲ. ತಾರವ್ವನಿಗೆ ಮಾತ್ರ ಹೇಳಿದಳು, ಆದ್ದರಿಂದ ಭರಮೂಗೆ ಸಂಜೆಯೊಳಗೇ ತಿಳಿಯಿತು. ಆಮೇಲೆ ರಾವಸಾಹೇಬ ಸಂಘದ ಸಭೆಯಲ್ಲೂ ಪಾಳಿ ಎನ್ನುವುದನ್ನು ಬಿಟ್ಟು 'ನಮ್ಮ ನೀರು' ಎನ್ನತೊಡಗಿದ. ಚೀಲ ಉಳಿದದ್ದಕ್ಕೆ ತಾರವ್ವನಿಗೆ ಸ್ವಲ್ಪ ನಿರಾಸೆಯಾಯಿತು. ಹೇಳಿಕೊಡುವುದು ಇನ್ನೂ ಬಹಳ ಇತ್ತು.

ದಣಿವು ಒಂದೇ ದಿನಕ್ಕೆ ಹೋಗಲಿಲ್ಲ. ಬಂದ ದಾರಿಯಲ್ಲೇ, ಬಂದಷ್ಟೇ ನಿಧಾನವಾಗಿ, ಅಲ್ಲಲ್ಲಿ ಕೂತು ಎದ್ದು ಹೋಯಿತು. ನೋವಿನ ಗುಳಿಗೆ ಬಿಟ್ಟದ್ದರಿಂದ ಮೊಣಕಾಲು ತನ್ನ ಲೆಕ್ಕ ತೀರಿಸಿಕೊಂಡಿತು. ರಾತ್ರಿ ಬಿಸಿ ಉಪ್ಪಿನ ಗಂಟು ಒತ್ತಿದರೆ ತುಸು ಕೇಳುತ್ತಿತ್ತು. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕಾಳವ್ವ ತನ್ನ ಮಾತೇ ಗೆದ್ದಿತೆಂದು ಊರಲ್ಲೆಲ್ಲ ಹೇಳಿಕೊಂಡಳು. ತಿಂಗಳು ಮಲಗಿರಿ ಎಂದು ಯಾರೂ ಬರೆದುಕೊಡಲಿಲ್ಲ. ಒಂದು ಮಧ್ಯಾಹ್ನ ಸುಂದರಾ ತಾನಾಗಿಯೇ ಪಡಸಾಲೆಯಲ್ಲಿ ಹಾಸಿಗೆ ಹಾಸಿ ಮಲಗಿ ನೋಡಿದಳು. ಅತ್ತೆ ಚಹಾ ಕೇಳಿದಳು. ಎದ್ದಳು.

ದೀಪಾವಳಿಯ ಹೊತ್ತಿಗೆ ರಕ್ತ ಹನ್ನೊಂದಕ್ಕೆ ಬಂತು. ಆಪರೇಶನ್ ಆಗಲಿಲ್ಲ. ಕುರ್ಚಿ ಅಡುಗೆಮನೆಯಲ್ಲೇ ಇದೆ. ಅದರ ಮೇಲೆ ಈಗ ಕಾಳವ್ವ ಕೂಡುತ್ತಾಳೆ.