ಮೋಡ ತಂದ ಗಾಳಿ

ಗಂಡ ತೀರಿದ ಮೇಲೆ ಕಳಕಮ್ಮನಿಗೆ ಅದು ಮೊದಲ ಸುಗ್ಗಿ. ಯುದ್ಧದ ಕಾಲ, ಪೇಟೆಯಲ್ಲಿ ಕಾಳು ಸಿಗುತ್ತಿರಲಿಲ್ಲ. ತಳಕಲ್ಲು ಊರಿನ ಹೊರಗಿನ ಕಣದಲ್ಲಿ ತುಳಿಸಿದ ಜೋಳ ಹೊಟ್ಟಿನೊಂದಿಗೇ ಬಿದ್ದಿತ್ತು. ತೂರಲು ಗಾಳಿಯಿಲ್ಲವೆಂದು ಆಳುಗಳು ಊರಿಗೆ ಹೋಗಿದ್ದರು. ಪಡುವಣದಲ್ಲಿ ಅಕಾಲದ ಮೋಡ ಕಟ್ಟುತ್ತಿತ್ತು. ನೆನೆದರೆ ವರ್ಷದ ಕೂಳು ಕಣದಲ್ಲೇ ಮೊಳೆಯುತ್ತದೆ.

"ಅತ್ತಿ, ಆ ಮೋಡ ತಡಿ ಅಂತ ದೇವರಿಗೆ ಬೇಡ್ಕೊರಿ."

ಅತ್ತೆ ವಿರೂಪಾಕ್ಷಮ್ಮ ಮೊರ ತುಂಬುತ್ತಿದ್ದಳು. "ಅವನ ಕೆಲಸ ಅವ ಮಾಡ್ತಾನ. ನೀ ಮಣಿ ಏರು."

"ಹೆಣ್ಮಕ್ಕಳು ತೂರೂದೇನ್ರಿ? ಮಂದಿ ನಗ್ತಾರ."

"ನಗೋರು ಬಂದು ತೂರ್ಲಿ!"

ಗಂಡ ನಿಂತು ತೂರುತ್ತಿದ್ದ ಮೂರುಕಾಲಿನ ಎತ್ತರದ ಮಣೆಯನ್ನು ಕಳಕಮ್ಮ ಏರಿದಳು. ಮೊರ ಎತ್ತಿ ಹಿಡಿದು ಕಾದಳು. ಕಣದಂಚಿನ ಬೇವಿನ ಎಲೆಯೂ ಅಲುಗಲಿಲ್ಲ.

ಆಮೇಲೆ ಆ ಮೋಡದ ದಿಕ್ಕಿನಿಂದಲೇ ತಣ್ಣನೆಯ ಗಾಳಿ ಬೀಸಿತು. ಹೊಟ್ಟು ಹಾರಿತು, ಕಾಳು ಕಾಲಬುಡಕ್ಕೆ ಸುರಿಯಿತು. ಅತ್ತೆ ಕೊಟ್ಟಷ್ಟನ್ನೂ ಅವಳು ತೂರಿದಳು.

ಇಬ್ಬರೂ ರಾಶಿಗೆ ಮಳೆ ತಾಗದಂತೆ ತಾಡಪತ್ರಿಯ ದಪ್ಪ ಬಟ್ಟೆ ಹೊದಿಸಿ ಅಂಚಿಗೆ ಕಲ್ಲಿಡುವಾಗ ಮೊದಲ ಹನಿ ಬಿತ್ತು.

"ನೀ ಹೇಳಿದಂಗ ದೇವರು ಮೋಡ ತಡದಿದ್ರ, ಗಾಳಿ ನಿಮ್ಮಪ್ಪ ತರ್ತಿದ್ನೇನು?" ಎಂದು ಅತ್ತೆ ನಕ್ಕಳು.

ಕಳಕಮ್ಮನೂ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು. ಕಣದ ನಡುವೆ ಎತ್ತು ಕಟ್ಟುವ ಮೇಟಿಕಂಬದ ಬುಡಕ್ಕೆ ಒಂದು ಹಿಡಿ ಜೋಳವಿಟ್ಟು, ಮಳೆಯಲ್ಲಿ ನೆನೆಯುತ್ತಲೇ ಮೋಡಕ್ಕೆ ಕೈಮುಗಿದಳು.